ಹರಿಗೋಲು ಹತ್ತುವ ಮುನ್ನ ವೃಷಭಾವತಿಯನ್ನು ನೋಡಿ ಬನ್ನಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮತ್ತು ಸುತ್ತಮುತ್ತಲ ಬಡಾವಣೆಗಳ ತಂದೆತಾಯಂದಿರೇ, ಅಜ್ಜಅಜ್ಜಿಯರೇ, ಶಾಲೆಯ ಮೇಷ್ಟ್ರುಗಳೇ,

ಮಳೆಗಾಲ ಇಳಿಮುಖವಾಗುತ್ತಿದ್ದಂತೆ ನಮ್ಮ ಮನೆಗಳಲ್ಲಿ ರಜೆಗೆ ಎಲ್ಲಿಗೆ ಹೋಗೋಣ ಎಂಬ ಮಾತು ಶುರುವಾಗುತ್ತದೆ. ಮಕ್ಕಳ ಬಾಯಲ್ಲಿ ಮೊದಲು ಬರುವುದು ರಾಫ್ಟಿಂಗ್. ದಾಂಡೇಲಿಯ ಕಾಳಿ, ದುಬಾರೆಯ ಕಾವೇರಿ, ದಕ್ಷಿಣ ಕೊಡಗಿನ ಬರಪೊಳೆ, ಆಗುಂಬೆ ಕೆಳಗಿನ ಸೀತಾನದಿ ಹೀಗೆ ಹೆಸರುಗಳು ಸಾಲಾಗಿ ಬರುತ್ತವೆ. ನಮಗೆ ಹತ್ತಿರದ್ದು ಎಂದರೆ ಭೀಮೇಶ್ವರಿ, ಊರಿನಿಂದ ಸುಮಾರು 100 ಕಿಲೋಮೀಟರ್. ಕರೆದುಕೊಂಡು ಹೋಗಿ ಎಂದೇ ನಾನೂ ಕೇಳುತ್ತಿದ್ದೇನೆ. ಹೊಳೆಯ ಸೆಳವು ದೋಣಿಯ ತಳವನ್ನು ಎತ್ತಿ ಇಳಿಸುವುದನ್ನು ಹತ್ತು ವರ್ಷದ ಮಗು ಒಮ್ಮೆ ಮೈಯಲ್ಲಿ ಅನುಭವಿಸಬೇಕು. ಪಾಠಪುಸ್ತಕದ ಯಾವ ಚಿತ್ರವೂ ಅದನ್ನು ಕೊಡಲಾರದು.

ನನ್ನ ಕೋರಿಕೆ ಇಷ್ಟು. ಆ ಪ್ರವಾಸ ಹೊಳೆಯನ್ನು ಕಲಿಯುವ ಪ್ರವಾಸವಾಗಲಿ. ಅದರ ಮೊದಲ ಪಾಠ ನಿಮ್ಮ ಮನೆಯ ಬಚ್ಚಲಿನಿಂದ ಶುರುವಾಗಲಿ. ಏಕೆಂದರೆ ಪಶ್ಚಿಮ ಬೆಂಗಳೂರಿನ ನಮಗೂ ಭೀಮೇಶ್ವರಿಯ ಕಾವೇರಿಗೂ ನಡುವೆ ಇರುವ ನಂಟು ಪ್ರವಾಸಿಯ ನಂಟಿಗಿಂತ ಬಹಳ ಹತ್ತಿರದ್ದು.

ಆ ನಂಟು ಹೀಗಿದೆ. ನಮ್ಮ ನಲ್ಲಿಗೆ ಬರುವ ನೀರನ್ನು ಕಾವೇರಿಯಿಂದ ಎತ್ತುತ್ತಾರೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಅದನ್ನು ಶುದ್ಧೀಕರಿಸಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಇಲ್ಲಿಗೆ ತರುತ್ತಾರೆ. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಆ ಒಂದೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಮ್ಮ ದೇಶದ ಎಂಜಿನಿಯರುಗಳ ಲೆಕ್ಕ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದೂ ಅವರದೇ ಲೆಕ್ಕ. ಅಂದರೆ ವಿಜಯನಗರದ ನಾಲ್ಕು ಜನರ ಒಂದು ಸಂಸಾರ ದಿನವೂ 430 ಲೀಟರಿನಷ್ಟು ನೀರನ್ನು ಬಳಸಿ ಕೆಳಕ್ಕೆ ಬಿಡುತ್ತದೆ.

ಆ ಕೆಳಕ್ಕೆ ಎಂದರೆ ಎಲ್ಲಿಗೆ? ಬೆಂಗಳೂರು ಒಂದು ದಿಬ್ಬದ ಬೆನ್ನಿನ ಮೇಲೆ ಕೂತ ಊರು. ಕೋರಮಂಗಲ, ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ನೀರು ಪೂರ್ವಕ್ಕೆ ಇಳಿದು ದಕ್ಷಿಣ ಪಿನಾಕಿನಿಯ ಕಡೆ ಹೋಗುತ್ತದೆ. ಪಶ್ಚಿಮದ ನಮ್ಮ ಇಳಿಜಾರು ಮಾತ್ರ ವೃಷಭಾವತಿಯದು. ವೃಷಭಾವತಿ ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಜಲಾಶಯ ಸೇರಿ, ಅಲ್ಲಿಂದ ಮುಂದೆ ಕನಕಪುರದ ಕಡೆ ಸಾಗಿ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಹಾರೋಬೆಲೆ ಜಲಾಶಯ ಹಾಯ್ದು ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಕಾವೇರಿಯಿಂದ ಎರವಲು ತಂದ ನೀರನ್ನು ಕಾವೇರಿಗೇ ಹಿಂದಿರುಗಿಸುವವರು ನಾವು. ಇಂದಿರಾನಗರದವರಿಗೂ ಹೆಬ್ಬಾಳದವರಿಗೂ ಇಲ್ಲದ ಈ ಹೊಣೆ ನಮ್ಮ ಪಾಲಿಗೆ ಬಂದಿದೆ. ತಂದ ನೀರನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸುತ್ತಿದ್ದೇವೆ ಎಂಬುದನ್ನು ನಮ್ಮ ಮಕ್ಕಳು ಕಣ್ಣಾರೆ ಕಾಣಬೇಕು ಎಂಬುದೇ ನನ್ನ ಆಸೆ.

ಆದ್ದರಿಂದ ಪ್ರವಾಸವನ್ನು ಮೆಟ್ರೊದಿಂದ ಆರಂಭಿಸಿ. ವಿಜಯನಗರದಲ್ಲಿ ನೇರಳೆ ಮಾರ್ಗದ ರೈಲು ಹತ್ತಿ. ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಬದಲಾಯಿಸಿಕೊಳ್ಳಿ. ಮೈಸೂರು ರಸ್ತೆ ನಿಲ್ದಾಣ ದಾಟಿದ ಮೇಲೆ ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ ಬಸ್ ನಿಲ್ದಾಣ. 2021ರ ಆಗಸ್ಟ್‌ನಲ್ಲಿ ತೆರೆದ ಈ ಭಾಗ ಬಹುಪಾಲು ವೃಷಭಾವತಿಯ ಕಣಿವೆಯಲ್ಲೇ ಸಾಗುತ್ತದೆ. ಪ್ರತಿದಿನ ಸಾವಿರಾರು ಜನ ಮೊಬೈಲು ನೋಡುತ್ತಾ ಈ ಹೊಳೆಯ ಪಕ್ಕದಲ್ಲೇ ಹಾದುಹೋಗುತ್ತಾರೆ. ಒಂದು ಬೆಳಿಗ್ಗೆಯ ಮಟ್ಟಿಗೆ ಕಿಟಕಿಯ ಎರಡೂ ಬದಿಗೆ ಕಣ್ಣಿಡಲು ಮಕ್ಕಳಿಗೆ ಹೇಳಿ. ನೀರಿನ ಬಣ್ಣ ಏನು, ನೊರೆ ಎಲ್ಲಿ ಏಳುತ್ತಿದೆ, ದಡದಲ್ಲಿ ಮಣ್ಣು ಉಳಿದಿದೆಯೇ ಅಥವಾ ಎರಡೂ ಕಡೆ ಕಾಂಕ್ರೀಟ್ ಗೋಡೆಯೇ, ಯಾವ ಹಕ್ಕಿ ಕಂಡಿತು, ಎಲ್ಲೆಲ್ಲಿ ಪೈಪಿನಿಂದ ನೀರು ಸುರಿಯುತ್ತಿದೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಸಿ. ನೀರಿನ ಹತ್ತಿರ ಮಾತ್ರ ಹೋಗಬೇಡಿ. ಮೇಲಿನಿಂದಲೇ ನೋಡಿ, ಸೇತುವೆಯ ಕಟಾಂಜನದ ಈಚೆಯಿಂದ ನೋಡಿ. ಜೋರು ಮಳೆ ಬಂದ ಸ್ವಲ್ಪ ಹೊತ್ತಿಗೇ ಈ ಹೊಳೆ ಏರಿ ನುಗ್ಗುತ್ತದೆ. ಕಣಿವೆಯ ಇಳಿಜಾರೆಲ್ಲ ತಾರಸಿ, ಟಾರು, ಟೈಲ್ಸು ಆಗಿರುವಾಗ ಮಳೆಹನಿಗೆ ಇಂಗಲು ಜಾಗವೆಲ್ಲಿ? ಮೈಸೂರು ರಸ್ತೆಯಲ್ಲಿ ಮಳೆಗಾಲದಲ್ಲಿ ವಾಹನ ನಿಂತುಹೋಗುವುದರ ಕಾರಣವನ್ನು ಮಗುವಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ತರಗತಿಯಿಲ್ಲ.

ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕೆಂಗೇರಿ ಮೋರಿ ಎಂದು ನಾವು ಕರೆಯುವ ಇದೇ ನೀರಿನಲ್ಲಿ ಬಟ್ಟೆ ಒಗೆದ, ದನ ಮೈತೊಳೆದ, ಈಜು ಕಲಿತ ನೆನಪು ಈ ಕಡೆಯ ಹಳ್ಳಿಗಳ ಹಿರಿಯರಲ್ಲಿ ಇನ್ನೂ ಉಳಿದಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ ಹೊಳೆ ಎಂಬ ನಂಬಿಕೆಯಿಂದಲೇ ಇದಕ್ಕೆ ವೃಷಭಾವತಿ ಎಂಬ ಹೆಸರು. ಇನ್ನೊಂದು ಕವಲು ಪೀಣ್ಯದ ಕಡೆಯಿಂದ ಇಳಿದು ಸುಮನಹಳ್ಳಿಯನ್ನು ಹಾದುಬರುತ್ತದೆ. ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಸ್ಥಾನ ಇರುವುದು ವೃಷಭಾವತಿಯೂ ಪಶ್ಚಿಮವಾಹಿನಿಯೂ ಕೂಡುತ್ತಿದ್ದ ಜಾಗದಲ್ಲಿ. ನದಿಗಳು ಕೂಡುವ ಕಡೆ ದೇವರನ್ನು ನಿಲ್ಲಿಸಿದವರು ಆ ನೀರನ್ನು ಏನೆಂದು ಕಂಡಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣಿವೆಯ ಮೇಲ್ಭಾಗದಲ್ಲಿ ಕೆರೆಗಳ ಸರಪಳಿಯೇ ಇತ್ತು. ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು. ಕೇತಮಾರನಹಳ್ಳಿಯ ಕೆರೆಯ ಜಾಗ ರಾಜಾಜಿನಗರದ ಬಡಾವಣೆಯೊಳಗೆ ಸೇರಿಹೋಯಿತು. ಅಂದು ಮಳೆಯ ನೀರು ಕೆರೆಯಿಂದ ಕೆರೆಗೆ ಕೋಡಿ ಹರಿದು ನಿಧಾನವಾಗಿ ಹೊಳೆ ಸೇರುತ್ತಿತ್ತು. ಮಳೆಯನ್ನೇ ನೆಚ್ಚಿದ್ದ ಆ ತೊರೆ ಇಂದು ವರ್ಷವಿಡೀ ತುಂಬಿ ಹರಿಯುತ್ತದೆ, ನಮ್ಮ ಬಚ್ಚಲು ಮತ್ತು ಪಾಯಿಖಾನೆಗಳ ನೀರಿನಿಂದ.

ಇನ್ನೊಂದು ಬೆಳಿಗ್ಗೆ ಬೈರಮಂಗಲಕ್ಕೆ ಮೀಸಲಿಡಿ. 1940ರ ದಶಕದಲ್ಲಿ ರೈತರ ಗದ್ದೆಗಳಿಗೆಂದು ಕಟ್ಟಿದ ಜಲಾಶಯ ಇದು. ನೀರು ಎತ್ತರದಿಂದ ಧುಮುಕುವ ಕಡೆ ಬಿಳಿ ನೊರೆ ಗುಡ್ಡೆಯಾಗಿ ನಿಂತಿರುವುದನ್ನು ಮಕ್ಕಳು ನೋಡುತ್ತಾರೆ. ನಾವು ಬಟ್ಟೆಗೆ, ಪಾತ್ರೆಗೆ, ತಲೆಗೆ ಹಾಕಿದ ಸಾಬೂನುಪುಡಿ, ಶಾಂಪೂಗಳಲ್ಲಿನ ರಾಸಾಯನಿಕ ಇಲ್ಲಿಯವರೆಗೂ ಕರಗಿ ಹೋಗದೆ ಬಂದು, ನೀರು ಕದಡಿದಾಗ ಗಾಳಿಯನ್ನು ಹಿಡಿದು ನೊರೆಯಾಗುತ್ತದೆ. ಕೊಳಚೆಯಲ್ಲಿನ ರಂಜಕ, ಸಾರಜನಕಗಳು ಗೊಬ್ಬರವಾಗಿ ಅಂತರಗಂಗೆ ಹಬ್ಬುತ್ತದೆ. ಅದು ನೀರಿನ ಮೇಲೆ ಹಾಸಿಕೊಂಡರೆ ಕೆಳಗೆ ಬೆಳಕೂ ಇಲ್ಲ, ಉಸಿರೂ ಇಲ್ಲ. ಭತ್ತ, ಕಬ್ಬು ಬೆಳೆಯುತ್ತಿದ್ದ ಅಚ್ಚುಕಟ್ಟಿನಲ್ಲಿ ಈಗ ಹೆಚ್ಚಾಗಿ ಮೇವಿನ ಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನ್. ಆ ಹುಲ್ಲು ತಿಂದ ಹಸುವಿನ ಹಾಲು, ಆ ಗದ್ದೆಯ ತರಕಾರಿ ಮತ್ತೆ ನಮ್ಮ ಊರಿನ ಮಾರುಕಟ್ಟೆಗೇ ಬರುತ್ತದೆ.

ಅಲ್ಲಿಗೆ ಹೋದಾಗ ಮೂಗು ಮುಚ್ಚಿಕೊಂಡು ಫೋಟೊ ತೆಗೆದು ಬರಬೇಡಿ, ದಯವಿಟ್ಟು. ಅದು ಜನ ಬಾಳುವ ಊರು. ದಾರಿಬದಿಯಲ್ಲಿ ಎಳನೀರು ಕುಡಿಯಿರಿ, ಹೊಲದಲ್ಲಿ ಇರುವವರನ್ನು ಮಾತಾಡಿಸಿ, ಅವರ ಬಾವಿಯ ನೀರು ಹೇಗಿದೆ ಎಂದು ಕೇಳಿ. ನಾವು ಯಾವ ಬಡಾವಣೆಯವರು ಎಂಬುದನ್ನೂ ಹೇಳಿ. ಮಕ್ಕಳು ಈ ಮಾತುಕತೆಯನ್ನು ಮರೆಯುವುದಿಲ್ಲ.

ಇವೆರಡೂ ಆದ ಮೇಲೆ ಭೀಮೇಶ್ವರಿಗೆ ಹೋಗಿ. ಆಗ ನೋಡಿ, ಅದೇ ಮಕ್ಕಳು ಹೊಳೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಶಿವನಸಮುದ್ರದಲ್ಲಿ ಧುಮುಕಿ, ಶಿಂಷೆಯನ್ನು ಕೂಡಿಕೊಂಡು ಬರುವ ಕಾವೇರಿ ಇಲ್ಲಿ ಕಾಡಿನ ನಡುವೆ ಹರಿಯುತ್ತದೆ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ ಎರಡೂ ದಡದಲ್ಲಿದೆ. ಭೀಮೇಶ್ವರಿಯಿಂದ ಗಾಲಿಬೋರೆಯ ಕಡೆಗೆ ಹೊಳೆ ಒಮ್ಮೆ ಬಂಡೆಗಳ ಮೇಲೆ ನೊರೆಗರೆದು ಜಾರುತ್ತದೆ, ಮತ್ತೆ ಆಳವಾದ ಮಡುವಿನಲ್ಲಿ ಸದ್ದಿಲ್ಲದೆ ನಿಲ್ಲುತ್ತದೆ. ಈ ಎರಡರ ಸರದಿಯೇ ಹೊಳೆಯ ಜೀವ ಎಂಬುದನ್ನು ಮಾರ್ಗದರ್ಶಿ ಮಕ್ಕಳಿಗೆ ಮೊದಲು ಹೇಳಬೇಕು. ಕಲ್ಲಿಗೆ ಬಡಿದು ಒಡೆಯುವ ನೀರು ಗಾಳಿಯನ್ನು ಹೀರಿಕೊಳ್ಳುತ್ತದೆ. ಆ ಉಸಿರನ್ನು ಮಡುವಿನ ಮೀನಿಗೆ ಒಯ್ಯುತ್ತದೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಮ್ ಆಮ್ಲಜನಕವಾದರೂ ಕರಗಿರಬೇಕು, ಕೊಳೆಯುವ ಪದಾರ್ಥದ ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಮ್ ದಾಟಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಕರಗಿದ ಆಮ್ಲಜನಕ ಅಳೆಯುವ ಸಣ್ಣ ಕಿಟ್ಟುಗಳು ಸಿಗುತ್ತವೆ. ಒಂದನ್ನು ಕೊಂಡು ಹೋಗಿ, ದೋಣಿ ದಡಕ್ಕೆ ಬಂದಾಗ ಮಗುವಿನ ಕೈಯಲ್ಲೇ ಪರೀಕ್ಷೆ ಮಾಡಿಸಿ.

ಕಿಟ್ಟಿಲ್ಲದಿದ್ದರೂ ಚಿಂತೆಯಿಲ್ಲ. ದಡದ ಕಡಿಮೆ ಆಳದಲ್ಲಿ, ಮೊಸಳೆಯ ಭಯವಿಲ್ಲವೆಂದು ಮಾರ್ಗದರ್ಶಿ ಒಪ್ಪಿದ ಕಡೆ, ಒಂದು ಕಲ್ಲನ್ನು ಮೆಲ್ಲನೆ ಮಗುಚಿ ನೋಡಲಿ. ಏರೋಪ್ಲೇನ್ ಚಿಟ್ಟೆಯ ಮರಿಗಳು, ಮೇಫ್ಲೈ ಮರಿಗಳು, ಮರಳಿನ ಕಾಳುಗಳನ್ನು ಅಂಟಿಸಿಕೊಂಡು ಗೂಡು ಕಟ್ಟಿದ ಕ್ಯಾಡಿಸ್ ಹುಳುಗಳು ಕಾಣಬಹುದು. ಮೇಫ್ಲೈ, ಕ್ಯಾಡಿಸ್‌ನಂಥ ಹುಳುಗಳಲ್ಲಿ ಹೆಚ್ಚಿನವು ಉಸಿರುಳ್ಳ ಶುಭ್ರ ನೀರಿನಲ್ಲಷ್ಟೇ ಬದುಕುತ್ತವೆ. ಉಸಿರು ಕಟ್ಟಿದ ಕೊಳಚೆಯಲ್ಲಿ ಉಳಿಯುವುದು ಕೆಂಪು ದಾರದಂಥ ಹುಳುಗಳು, ಸೊಳ್ಳೆಯ ಮರಿಗಳು. ಪ್ರಯೋಗಾಲಯವಿಲ್ಲದೆ ಹೊಳೆಯ ಆರೋಗ್ಯ ತಿಳಿಯುವ ಈ ವಿದ್ಯೆಯನ್ನು ಮಗುವೊಂದು ಅರ್ಧ ಗಂಟೆಯಲ್ಲಿ ಕಲಿಯಬಲ್ಲದು. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು ಎಂಬುದನ್ನೂ ಆಗಲೇ ಕಲಿಯುತ್ತದೆ.

ಮೇಲೆ ನೋಡಲು ಹೇಳಿ. ನೀರಿನ ಮೇಲೆ ಬಾಗಿದ ಹೊಳೆಮತ್ತಿಯ ಬಿಳಿ ಕಾಂಡ, ಹೊಂಗೆ, ಹುಣಸೆ, ನೇರಳೆ. ಈ ಮರಗಳ ಕೊಂಬೆ ಕೊಂಬೆಗೆ ಹೆಣೆದುಕೊಂಡ ಚಪ್ಪರದಲ್ಲಿ ಬೂದು ಬಣ್ಣದ ದೊಡ್ಡ ಅಳಿಲು ಗೂಡು ಕಟ್ಟುತ್ತದೆ. ದಕ್ಷಿಣ ಭಾರತದ ಕೆಲವೇ ಕಾಡುಗಳಲ್ಲಿ ಮತ್ತು ಶ್ರೀಲಂಕಾದಲ್ಲಿ ಮಾತ್ರ ಉಳಿದಿರುವ ಪ್ರಾಣಿ ಅದು. ಕರ್ನಾಟಕದಲ್ಲಿ ಅದರ ಮುಖ್ಯ ನೆಲೆ ಈ ಹೊಳೆಯಂಚೇ. ಒಂದು ಮರ ಬಿದ್ದು ಚಪ್ಪರ ಹರಿದರೆ ಅದರ ದಾರಿಯೇ ಕಡಿಯುತ್ತದೆ. ಮರಳಿನ ಮೇಲೆ ನೀರುನಾಯಿಯ ಹೆಜ್ಜೆ, ಬಂಡೆಯ ಮೇಲೆ ಮೀನಿನ ಮುಳ್ಳು, ಏಡಿಯ ಚಿಪ್ಪು ತುಂಬಿದ ಅದರ ಹಿಕ್ಕೆ ಸಿಕ್ಕರೆ ಅದೇ ಆ ದಿನದ ದೊಡ್ಡ ಭಾಗ್ಯ.

ನೀರಿನ ಒಳಗೆ ಇರುವುದು ಡುಬ್ಬಬೆನ್ನಿನ ಮಹಶೀರ್. ಕಾವೇರಿ ಕೊಳ್ಳವನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ನದಿಯಲ್ಲೂ ಈ ಮೀನಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಷ್ಟು ಪ್ರಸಿದ್ಧವಾದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಕೂಡಿಬಂದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಅಂಚಿನ ಕಟ್ಟಕಡೆಯ ಪಟ್ಟಿಗೆ ಸೇರಿಸಿತು. ಅಣೆಕಟ್ಟುಗಳು ವಲಸೆಯ ದಾರಿ ಮುಚ್ಚಿದವು, ಸಿಡಿಮದ್ದು ಹಾಕಿ ಮೀನು ಹಿಡಿಯುವವರು ಮಡುಗಳನ್ನು ಬರಿದು ಮಾಡಿದರು. 1970ರ ದಶಕದ ಕೊನೆಯಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಸಾಕಿದ ಬೇರೊಂದು ಜಾತಿಯ ಮಹಶೀರ್ ಮರಿಗಳನ್ನು ಒಳ್ಳೆಯ ಮನಸ್ಸಿನಿಂದಲೇ ತಂದು ಬಿಟ್ಟರು. ಅವು ಹೆಚ್ಚಿ ಮೂಲನಿವಾಸಿಯ ಜಾಗವನ್ನು ಆಕ್ರಮಿಸಿದವು. ಹೊಳೆಗೆ ಉಪಕಾರ ಮಾಡುವ ಮುನ್ನ ಹೊಳೆಯನ್ನು ತಿಳಿಯಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಈ ಎಲ್ಲವನ್ನೂ ತೋರಿಸಬಲ್ಲವರು ದಡದ ಹಳ್ಳಿಗಳಲ್ಲಿದ್ದಾರೆ. ಹಿಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳ ಹಾಕಿ ಮೀನು ಹಿಡಿದು ಮತ್ತೆ ನೀರಿಗೆ ಬಿಡುವ ಶಿಬಿರಗಳಿದ್ದವು. ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಆ ಶಿಬಿರಗಳಲ್ಲಿ ಕಾವಲುಗಾರರಾಗಿ, ಮಾರ್ಗದರ್ಶಿಗಳಾಗಿ ಬದಲಾದರು. ಮಡು ಎಲ್ಲಿದೆ, ಸುಳಿ ಯಾವ ಬಂಡೆಯ ಹಿಂದೆ ತಿರುಗುತ್ತದೆ, ನೀರು ಬಣ್ಣ ತಿರುಗಿದರೆ ಮೇಲೆ ಎಲ್ಲಿ ಮಳೆಯಾಗಿದೆ ಎಂಬುದು ಇಂಥ ಹರಿಗೋಲಿನವರಿಗೆ ಅಂಗೈ ರೇಖೆಯಷ್ಟು ಪರಿಚಿತ. ಗಾಳದ ಶಿಬಿರಗಳು ನಿಂತ ಮೇಲೆ ಆ ಅರಿವಿಗೆ ಕೂಲಿ ಕೊಡುವವರು ಕಡಿಮೆಯಾದರು. ನಮ್ಮಂಥ ಸಂಸಾರಗಳು ಕೇಳಿದರೆ ಆ ಕೆಲಸ ಮತ್ತೆ ಹುಟ್ಟುತ್ತದೆ.

ಕೇಳಬೇಕಾದದ್ದು ಇಷ್ಟೇ. ಬುಕ್ ಮಾಡುವಾಗ ದರ, ಊಟ, ಡಿಜೆ ಬಗ್ಗೆ ವಿಚಾರಿಸುವ ಬದಲು ಹೊಳೆಯ ಬಗ್ಗೆ ಹೇಳುವ ಸ್ಥಳೀಯ ಮಾರ್ಗದರ್ಶಿ ದೋಣಿಯಲ್ಲಿರುತ್ತಾರೆಯೇ ಎಂದು ವಿಚಾರಿಸಿ. ಅರಣ್ಯ ಇಲಾಖೆಯ ಅನುಮತಿ ಇದೆಯೇ, ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ಟು ಮತ್ತು ಹೆಲ್ಮೆಟ್ಟು ಇದೆಯೇ, ಒಂದು ರಾಫ್ಟಿನಲ್ಲಿ ಎಷ್ಟು ಜನ ಎಂದು ಕೇಳಿ. ಮಿತಿ ಮೀರಿ ಜನರನ್ನು ಹತ್ತಿಸಿದರೆ ದುಡ್ಡು ಹೋದರೂ ಸರಿ, ಇಳಿದುಬಿಡಿ. ಕೃಷ್ಣರಾಜಸಾಗರ, ಕಬಿನಿಗಳ ಗೇಟು ತೆರೆದ ದಿನಗಳಲ್ಲಿ ನೀರಿಗೆ ಇಳಿಯುವ ಮಾತೇ ಬೇಡ. ದೋಣಿಯಿಂದ ಕೈಕಾಲು ಹೊರಚಾಚಿ ಕೂರಬಾರದು. ಇದು ಮೊಸಳೆಯ ಮನೆ. ಕುಡಿದು ಬರುವ ಗುಂಪಿನ ಜೊತೆ ನಿಮ್ಮ ಮಕ್ಕಳನ್ನು ಕೂರಿಸಬೇಡಿ. ತಿಂಡಿಯ ಪ್ಲಾಸ್ಟಿಕ್ಕೆಲ್ಲ ನಿಮ್ಮ ಚೀಲದಲ್ಲೇ ಮನೆಗೆ ಬರಲಿ.

ಹಿಂದಿರುಗುವಾಗ ಒಂದು ಕಡೆ ನಿಲ್ಲಿಸಿ: ಸಂಗಮ. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ನಾವು ತೇಲಿದ ನೀರು ಇನ್ನೂ ನಮ್ಮ ಕೊಳಚೆಯನ್ನು ಕಂಡಿರಲಿಲ್ಲ. ಗಾಲಿಬೋರೆಯ ಕೆಳಗಡೆ, ಸಂಗಮದಲ್ಲಿ, ಅರ್ಕಾವತಿ ಬಂದು ಸೇರುತ್ತದೆ. ಮೇಕೆದಾಟು ನೋಡಲು ಹೊರಟ ಜನ ನಡೆದೋ ತೆಪ್ಪದಲ್ಲೋ ದಾಟುವುದು ಇದೇ ಅರ್ಕಾವತಿಯನ್ನು. ಅಲ್ಲಿ ಪ್ಯಾಂಟು ಮಡಿಚಿ ನೀರಿಗಿಳಿಯುವವರು, ಮಕ್ಕಳ ತಲೆಗೆ ಬೊಗಸೆಯಲ್ಲಿ ನೀರು ಹಾಕುವವರು, ಪುಣ್ಯಸ್ನಾನ ಮಾಡುವವರು ಎಲ್ಲರೂ ಇದ್ದಾರೆ. ಮೇಲಿನಿಂದ ಬರುವಷ್ಟು ದೂರದಲ್ಲಿ ಹೊಳೆ ತನ್ನನ್ನು ತಾನು ಸಾಕಷ್ಟು ತೊಳೆದುಕೊಂಡಿರುತ್ತದೆ, ನಿಜ. ಹರಿವು, ಬಿಸಿಲು, ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಆದರೆ ಲೋಹಗಳು ಕೊಳೆಯುವುದಿಲ್ಲ. ಕ್ರೋಮಿಯಂ, ನಿಕ್ಕಲ್, ಸೀಸ ಕೆಸರಿನಲ್ಲಿ ಕೂರುತ್ತವೆ, ಪ್ರವಾಹದಲ್ಲಿ ಮತ್ತೆ ಏಳುತ್ತವೆ. ಆ ನೀರಿನ ಮುಂದೆ ನಿಂತು, ಮಗುವಿನ ನೋಟ್‌ಬುಕ್ಕಿನಲ್ಲಿ ನಾಯಂಡಹಳ್ಳಿ, ಬೈರಮಂಗಲ, ಭೀಮೇಶ್ವರಿಗಳ ಟಿಪ್ಪಣಿಯ ಕೆಳಗೆ ಸಂಗಮದ ಟಿಪ್ಪಣಿಯನ್ನೂ ಬರೆಸಿ.

ಇನ್ನು ಮನೆಗೆ ಬಂದ ಮೇಲಿನ ಕೆಲಸ. ರಾಜಕಾಲುವೆ ಇರುವುದು ಮಳೆನೀರಿಗೆ, ಒಳಚರಂಡಿ ಇರುವುದು ಕೊಳಚೆಗೆ. ಹಳೆಯ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಇವೆರಡೂ ಅದಲುಬದಲಾಗಿವೆ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಟ್ಟರೆ ಮಳೆಗಾಲದಲ್ಲಿ ಮ್ಯಾನ್‌ಹೋಲು ಉಕ್ಕಿ ಕೊಳಚೆಯೆಲ್ಲ ರಾಜಕಾಲುವೆಗೆ ಸೇರುತ್ತದೆ. ಅಡುಗೆಮನೆಯ ಪೈಪು ಮಳೆನೀರಿನ ಚರಂಡಿಗೆ ಬಿದ್ದರೆ ಅದು ಸಂಸ್ಕರಣಾ ಘಟಕದ ಮುಖವನ್ನೇ ನೋಡದೆ ವೃಷಭಾವತಿ ಸೇರುತ್ತದೆ. ನಿಮ್ಮ ಮನೆಯ ಪೈಪುಗಳು ಎಲ್ಲಿಗೆ ಹೋಗುತ್ತವೆ ಎಂದು ಪ್ಲಂಬರನ್ನು ಕರೆಸಿ ನೋಡಿ, ತಪ್ಪಿದ್ದರೆ ಸರಿಪಡಿಸಿ. ಮಳೆನೀರು ಸಂಗ್ರಹ 2009ರ ಕಾನೂನಿನ ಪ್ರಕಾರ ಕಡ್ಡಾಯ. ದಂಡ ತಪ್ಪಿಸಿಕೊಳ್ಳಲು ಹೆಸರಿಗೊಂದು ಡ್ರಮ್ಮು ಇಟ್ಟವರು ನಿಜವಾದ ಇಂಗುಗುಂಡಿ ಮಾಡಿಸಿ. ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಸಂಗ್ರಹದ ಉದ್ಯಾನವೇ ಇದೆ, ಅಲ್ಲಿ ಮಾದರಿಗಳನ್ನು ನೋಡಬಹುದು. ಮ್ಯಾನ್‌ಹೋಲು ಉಕ್ಕಿದ್ದು ಕಂಡರೆ ದಾಟಿಕೊಂಡು ಹೋಗದೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ.

ಕಾಮಾಕ್ಷಿಪಾಳ್ಯ, ಪೀಣ್ಯ, ರಾಜಾಜಿನಗರದ ಕೈಗಾರಿಕಾ ಬಡಾವಣೆಗಳ ಸಣ್ಣ ಕಾರ್ಖಾನೆಗಳ ಮಾಲೀಕರಲ್ಲಿ ಬಹಳ ಜನ ನಮ್ಮ ನೆರೆಹೊರೆಯವರು, ನಮ್ಮ ಮಕ್ಕಳ ಸಹಪಾಠಿಗಳ ತಂದೆತಾಯಿ. ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರು ವೃಷಭಾವತಿಯ ನೀರನ್ನು ಹಗಲುರಾತ್ರಿ ಅಳೆದಾಗ ಭಾರಲೋಹಗಳ ಪ್ರಮಾಣ ರಾತ್ರಿ ಹೊತ್ತು ಏರುವುದು ಕಂಡುಬಂದಿತ್ತು. ಯಾರು ಬಿಡುತ್ತಾರೆ ಎಂದು ನಾನು ಬೆರಳು ತೋರಿಸುವುದಿಲ್ಲ. ಲೋಹಲೇಪನದ, ಬಣ್ಣದ, ಬ್ಯಾಟರಿಯ ಕೆಲಸ ಮಾಡುವ ಗೆಳೆಯರೇ, ನಿಮ್ಮ ತ್ಯಾಜ್ಯವನ್ನು ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಕಳಿಸಿ. ಖರ್ಚು ಹೊರಲಾಗದಿದ್ದರೆ ಹೊರಲಾಗದು ಎಂದು ನಿಮ್ಮ ಸಂಘದ ಮೂಲಕ ಸರ್ಕಾರಕ್ಕೆ ಬಾಯಿಬಿಟ್ಟು ಹೇಳಿ. ಆ ಬೇಡಿಕೆಗೆ ಬಡಾವಣೆಯ ನಿವಾಸಿಗಳ ಸಂಘಗಳೂ ದನಿಗೂಡಿಸಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ.

ಇಷ್ಟು ಹಾಳಾದ ಹೊಳೆ ಸರಿಹೋದೀತೇ ಎಂದು ಅನೇಕರು ಕೈಚೆಲ್ಲುತ್ತಾರೆ. ಪ್ಯಾರಿಸಿನ ಸೀನ್ ನದಿಯಲ್ಲಿ ಈಜುವುದನ್ನು ಕೊಳಕಿನ ಕಾರಣಕ್ಕೆ 1923ರಲ್ಲೇ ನಿಷೇಧಿಸಿದ್ದರು. ಮನೆಗಳ ತಪ್ಪು ಪೈಪುಗಳನ್ನು ಹುಡುಕಿ ಸರಿಪಡಿಸಿದರು, ಮಳೆನೀರು ಮತ್ತು ಕೊಳಚೆ ಒಟ್ಟಿಗೆ ಉಕ್ಕದಂತೆ ನೆಲದಡಿ ದೊಡ್ಡ ತೊಟ್ಟಿ ಕಟ್ಟಿದರು, ಸುಮಾರು 140 ಕೋಟಿ ಯೂರೊ ಸುರಿದರು. 2025ರ ಜುಲೈನಲ್ಲಿ ಸಾರ್ವಜನಿಕರು ಅಲ್ಲಿ ಈಜಿಗೆ ಇಳಿದರು. ನಮ್ಮ ಪಕ್ಕದಲ್ಲೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ವೃಷಭಾವತಿ ಕಣಿವೆಯ ನೀರನ್ನೂ ಸಂಸ್ಕರಿಸಿ ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಕಳಿಸುವ ಯೋಜನೆ ಕೈಗೆತ್ತಿಕೊಳ್ಳಲಾಗಿದೆ. ಎಂಜಿನಿಯರಿಂಗ್ ಬಲ್ಲವರು ನಮ್ಮಲ್ಲಿದ್ದಾರೆ. ಸಂಸ್ಕರಿಸಿದ ನೀರು ಎಷ್ಟು ಶುದ್ಧವಾಗಿರಬೇಕು, ನಮ್ಮ ಹೊಳೆಯಲ್ಲಿ ಎಷ್ಟು ಉಳಿಯಬೇಕು ಎಂದು ಕೇಳುವ ಜನ ಬೇಕು. ಭೀಮೇಶ್ವರಿಯಲ್ಲಿ ಕಲ್ಲು ಮಗುಚಿ ಹುಳು ನೋಡಿ ಬಂದ ಮಕ್ಕಳು, ಬೈರಮಂಗಲದ ರೈತರೊಂದಿಗೆ ಮಾತಾಡಿ ಬಂದ ತಂದೆತಾಯಂದಿರು ಆ ಪ್ರಶ್ನೆಯನ್ನು ಕೇಳಲು ಎಲ್ಲರಿಗಿಂತ ಅರ್ಹರು.

ಮೇಷ್ಟ್ರುಗಳಲ್ಲಿ ಒಂದು ವಿಶೇಷ ವಿನಂತಿ. ಶಾಲೆಯ ವಾರ್ಷಿಕ ಪ್ರವಾಸವನ್ನು ಈ ದಾರಿಯಲ್ಲೇ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳಿಗೆ ಮೆಟ್ರೊ ಮತ್ತು ಬೈರಮಂಗಲ ಸಾಕು, ನೀರಿಗಿಳಿಯುವ ಭಾಗ ದೊಡ್ಡ ತರಗತಿಗಳಿಗಿರಲಿ. ರಾಫ್ಟಿಂಗಿನ ಖರ್ಚು ಹೊರಲಾಗದ ಮಕ್ಕಳು ಹಿಂದುಳಿಯಬಾರದು. ಹಳೆಯ ವಿದ್ಯಾರ್ಥಿಗಳೂ ಬಡಾವಣೆಯ ಸಂಘಗಳೂ ಅವರ ಪಾಲನ್ನು ಹಾಕಿಕೊಳ್ಳಲಿ.

ಪ್ರವಾಸದಿಂದ ಬಂದ ವಾರದಲ್ಲೇ ಮಕ್ಕಳಿಂದ ಒಂದು ಕಾಗದ ಬರೆಸಿ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಪ್ರತಿ, ಜಲಮಂಡಳಿಗೆ ಒಂದು, ನಿಮ್ಮ ಶಾಸಕರಿಗೆ ಒಂದು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಅದರಲ್ಲಿರಲಿ. ಬೇಡಿಕೆ ಒಂದೇ ಇರಲಿ: ವೃಷಭಾವತಿಯ ನೀರಿನ ಪರೀಕ್ಷೆಯ ಫಲಿತಾಂಶವನ್ನು, ಕರಗಿದ ಆಮ್ಲಜನಕ ಎಷ್ಟು, ಲೋಹ ಎಷ್ಟು ಎಂಬುದನ್ನು, ಪ್ರತಿ ತಿಂಗಳೂ ನಾಯಂಡಹಳ್ಳಿಯಿಂದ ಕೆಂಗೇರಿಯವರೆಗಿನ ಮೆಟ್ರೊ ನಿಲ್ದಾಣಗಳಲ್ಲಿ ದೊಡ್ಡ ಅಕ್ಷರದ ಕನ್ನಡ ಫಲಕದಲ್ಲಿ ಹಾಕಬೇಕು. ಹೊಳೆಯ ಪಕ್ಕದಲ್ಲೇ ದಿನವೂ ಓಡಾಡುವ ಜನಕ್ಕೆ ಹೊಳೆಯ ಸ್ಥಿತಿ ತಿಳಿಯಲಿ. ಮಗುವಿನ ಸಹಿಯ ಕೆಳಗೆ ನಿಮ್ಮ ಸಹಿಯೂ ಇರಲಿ. ಉತ್ತರ ಬಾರದಿದ್ದರೆ ಮರುತಿಂಗಳು ಪಕ್ಕದ ಮನೆಯವರ ಸಹಿಯನ್ನೂ ಸೇರಿಸಿ ಮತ್ತೊಂದು ಬರೆಯಿರಿ.